ದಬ್ಬಳಯ್ಯನ ಮನೆಯ ಹಿಂದಿನ ರಾಶಿ

ಕಕ್ಕೆಗುಡ್ಡದ ಇಳಿಜಾರಿನಲ್ಲಿ, ಎರಡು ದೊಡ್ಡ ಬಂಡೆಗಳ ಸಂದಿನಲ್ಲಿ, ಒಂದು ಬಿಲವಿತ್ತು ಮಕ್ಕಳೇ. ಅಲ್ಲಿ ದಬ್ಬಳಯ್ಯ ಎಂಬ ಮುಳ್ಳುಹಂದಿ ತನ್ನ ಹೆಂಡತಿ ಸೂಜಮ್ಮ ಮತ್ತು ಚುಚ್ಚಿ, ಮೊನ್ನಿ ಎಂಬ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಜೊತೆ ವಾಸವಾಗಿದ್ದ. ಇಡೀ ಗುಡ್ಡದಲ್ಲಿ ಅವನಷ್ಟು ಚೆನ್ನಾಗಿ ನೆಲ ತೋಡುವವರು ಯಾರೂ ಇರಲಿಲ್ಲ. ಆ ಸಂಗತಿ ಅವನಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಗುಡ್ಡದ ನೆತ್ತಿಯ ಗವಿಯಲ್ಲಿ ಕಂಬಳಿ ಮಾವ ಎಂಬ ಮುದಿ ಕರಡಿ ಅಂಗಡಿ ಇಟ್ಟಿದ್ದ. ಹಳ್ಳದಾಚೆಯ ಕಾಡಿನಿಂದ ಗೆಣಸು, ಹಣ್ಣು, ಜೇನು ಹೊತ್ತು ತಂದು ಎಲ್ಲರಿಗೂ ಕೊಡುತ್ತಿದ್ದ. ಅದಕ್ಕೆ ಬದಲಾಗಿ ಅವರಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದ. ದಬ್ಬಳಯ್ಯ ಒಂದು ದಿನ ಗವಿಯೊಳಗೆ ಉಗ್ರಾಣ ತೋಡಿಕೊಟ್ಟರೆ ವಾರಕ್ಕಾಗುವಷ್ಟು ತುಂಬಿದ ಬುಟ್ಟಿ ಸಿಗುತ್ತಿತ್ತು.

ಆ ವರ್ಷ ಹಳ್ಳದಾಚೆಯ ಕಾಡಿಗೆ ಎಲ್ಲಿಂದಲೋ ಕಾಡುಹಂದಿಗಳ ದೊಡ್ಡ ಹಿಂಡು ನುಗ್ಗಿತು. ಸಿಕ್ಕ ಗೆಣಸನ್ನೆಲ್ಲ ತಿಂದು, ನೆಲವನ್ನೆಲ್ಲ ಉತ್ತುಹಾಕಿ ಹೋಯಿತು. ಕಂಬಳಿ ಮಾವ ಇನ್ನೂ ಎರಡು ಗುಡ್ಡ ದಾಟಿ ಹೋಗಬೇಕಾಯಿತು.

"ಇನ್ನು ಮೇಲೆ ಬುಟ್ಟಿಗೆ ಎರಡು ದಿನದ ಕೆಲಸ ಕಣಪ್ಪ," ಎಂದ ಕರಡಿ. "ನನ್ನ ಕಾಲೂ ಸೋತು ಹೋಗ್ತಿದೆ. ಬೇಜಾರು ಮಾಡ್ಕೋಬೇಡ."

"ಬೇಜಾರು ಯಾಕೆ ಮಾವ? ಎರಡು ದಿನ ಅಗೆದರಾಯಿತು!" ಎಂದು ದಬ್ಬಳಯ್ಯ ಮುಳ್ಳು ಝಲ್ಲೆನಿಸಿದ.

ಮನೆಗೆ ಬಂದು ಹೇಳಿದಾಗ ಸೂಜಮ್ಮ ಯೋಚನೆಗೆ ಬಿದ್ದಳು. "ರೀ, ನಾವು ಸ್ವಲ್ಪ ಹಿಡಿತ ಮಾಡೋಣ. ಇದೇ ಬುಟ್ಟಿಯನ್ನ ಹತ್ತು ದಿನ ತೂಗಿಸಬಹುದು."

"ಹಿಡಿತವೇ? ನನ್ನ ಮನೆಯಲ್ಲೇ? ನೋಡಿದವರು ಏನಂದುಕೊಂಡಾರು! ಬೆಲೆ ಎಷ್ಟು ಬೇಕಾದರೂ ಏರಲಿ, ನನ್ನ ಉಗುರು ಇಲ್ಲವೇ?"

ಅಲ್ಲಿಗೆ ಮಾತು ಮುಗಿಯಿತು. ಅವರ ಮನೆಯ ರೀತಿ ಹಾಗೆಯೇ ಮುಂದುವರಿಯಿತು. ಗೆಣಸಿನ ಸಿಪ್ಪೆಯನ್ನು ದಪ್ಪದಪ್ಪವಾಗಿ ಹೆರೆದು ಎಸೆಯುವುದು. ಹಣ್ಣು ಒಂಚೂರು ಬಿರಿದಿದ್ದರೆ "ಛೀ" ಎಂದು ಬಿಸಾಡುವುದು. ಹೊಸ ಗೆಣಸನ್ನು ಹಳೆಯದರ ಮೇಲೆಯೇ ಸುರಿಯುವುದರಿಂದ ಅಡಿಯಲ್ಲಿದ್ದದ್ದು ಕೊಳೆಯುವುದು. ಜೇನು ಸುತ್ತಿದ ಎಲೆಯನ್ನು ಒಮ್ಮೆ ನೆಕ್ಕಿ ಹಿಂದಕ್ಕೆ ತೂರಿಬಿಡುವುದು. ಬಂಡೆಯ ಹಿಂದೆ ಏನು ಬೀಳುತ್ತಿದೆ, ಎಷ್ಟು ಬೀಳುತ್ತಿದೆ ಎಂದು ದಬ್ಬಳಯ್ಯ ಒಂದು ದಿನವೂ ತಿರುಗಿ ನೋಡಿದವನಲ್ಲ.

ಎರಡು ದಿನದ ಕೆಲಸ ಮೂರಾಯಿತು, ಮೂರು ನಾಲ್ಕಾಯಿತು. ದಬ್ಬಳಯ್ಯ ಎದ್ದು ಹೊರಟಾಗ ಮಕ್ಕಳು ಮಲಗಿರುತ್ತಿದ್ದವು, ತಿರುಗಿ ಬಂದಾಗಲೂ ಮಲಗಿರುತ್ತಿದ್ದವು. ಅವನ ಬೆನ್ನು ಬಾಗಿತು, ಮುಳ್ಳು ಸೊರಗಿತು. ಆದರೂ "ಇನ್ನೊಂದು ದಿನ ಅಗೆದರಾಯಿತು" ಎನ್ನುವುದನ್ನು ಬಿಡಲಿಲ್ಲ.

ಒಂದು ದಿನ ಗವಿಯೊಳಗೆ ಅಗೆಯುತ್ತಿರುವಾಗ ಅವನ ಬಲಗೈ ಉಗುರು ಕಲ್ಲಿಗೆ ಸಿಕ್ಕಿ ಸೀಳಿಹೋಯಿತು. ಕಂಬಳಿ ಮಾವ ಸೊಪ್ಪು ಅರೆದು ಕಟ್ಟಿ, "ಹದಿನೈದು ದಿನ ಈ ಕೈ ನೆಲ ಮುಟ್ಟಬಾರದು" ಎಂದು ಕಟ್ಟುನಿಟ್ಟಾಗಿ ಹೇಳಿದ.

ದಬ್ಬಳಯ್ಯ ಆ ವಾರದ ಬುಟ್ಟಿ ಹೊತ್ತು ಕುಂಟುತ್ತ ಮನೆಗೆ ಬಂದ. ಬುಟ್ಟಿ ಒಂದು, ಬಾಯಿ ನಾಲ್ಕು, ದಿನ ಹದಿನೈದು.

ಮರುದಿನ ಬೆಳಿಗ್ಗೆ ಬಿಲದ ಬಾಗಿಲಲ್ಲಿ ಕೂತಿದ್ದಾಗ ನೆರೆಮನೆಯ ಗೌಜಕ್ಕ ಹಾದುಹೋದಳು. ಗೌಜಲಹಕ್ಕಿ ಅವಳು. ಹಿಂದೆ ಒಂಬತ್ತು ಮರಿ, ಒಂದೊಂದೂ ಗುಂಡುಗುಂಡಗೆ! ಇವಳು ಕರಡಿಯ ಅಂಗಡಿಗೆ ಹೋದದ್ದನ್ನು ಅವನು ನೋಡಿಯೇ ಇರಲಿಲ್ಲ. ಅವನ ತಲೆಗೆ ಅನುಮಾನ ಹೊಕ್ಕಿತು.

"ಗೌಜಕ್ಕ, ನಿಜ ಹೇಳು. ಕಂಬಳಿ ಮಾವ ನಿನಗೆ ಮಾತ್ರ ಕದ್ದುಮುಚ್ಚಿ ಕೊಡ್ತಾನೋ? ಇಲ್ಲ, ನೀನೇ ಕದ್ದು ತರ್ತೀಯೋ?"

ಗೌಜಕ್ಕನಿಗೆ ಚುರುಕ್ಕೆಂದಿತು. ಆದರೂ ಕೂಗಾಡಲಿಲ್ಲ. "ಬನ್ನಿ ದಬ್ಬಳಣ್ಣ. ನಮಗೆ ಊಟ ಎಲ್ಲಿ ಸಿಗುತ್ತೆ ಅಂತ ನಿಮ್ಮ ಕಣ್ಣಲ್ಲೇ ನೋಡಿ."

ಅವಳು ಬಂಡೆಯನ್ನು ಬಳಸಿ ಮುಂದೆ ನಡೆದಳು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನಿಂತಳು. ದಬ್ಬಳಯ್ಯ ಕತ್ತೆತ್ತಿ ನೋಡಿದರೆ, ಅದು ಅವನದೇ ಮನೆಯ ಹಿತ್ತಿಲು! ಅವನ ಎತ್ತರಕ್ಕೂ ಮೀರಿದ ತಿಪ್ಪೆ. ಒಂಬತ್ತು ಮರಿಗಳೂ ಅದರ ಮೇಲೆ ಹತ್ತಿ ಕುಕ್ಕತೊಡಗಿದವು.

"ಈ ಸಿಪ್ಪೆ ನೋಡಿ, ಅರ್ಧ ಗೆಣಸು ಇದರಲ್ಲೇ ಅಂಟಿದೆ," ಎಂದಳು ಗೌಜಕ್ಕ. "ಈ ಹಣ್ಣು ಬಿರಿದಿದೆ ಅಷ್ಟೇ, ಕೆಟ್ಟಿಲ್ಲ. ನಿಮ್ಮ ಮನೆಯವರು ತಿನ್ನೋದಕ್ಕಿಂತ ಹೆಚ್ಚು ಇಲ್ಲಿ ಬೀಳುತ್ತೆ. ನಾವು ಯಾರ ಮನೆಗೂ ಕನ್ನ ಹಾಕಿಲ್ಲ."

ದಬ್ಬಳಯ್ಯ ತಿಪ್ಪೆಯ ಹತ್ತಿರ ಹೋದ. ಕತ್ತಲೆ ಗವಿಯಲ್ಲಿ ಬೆನ್ನು ಮುರಿದುಕೊಂಡ ದಿನಗಳೆಲ್ಲ ಅಲ್ಲಿ ಕೊಳೆಯುತ್ತ ಬಿದ್ದಿದ್ದವು. ಸೀಳಿದ ಉಗುರನ್ನೊಮ್ಮೆ, ತಿಪ್ಪೆಯನ್ನೊಮ್ಮೆ ನೋಡಿದ.

"ತಪ್ಪಾಯಿತು ಗೌಜಕ್ಕ. ಬಾಯಿಗೆ ಬಂದದ್ದು ಅಂದುಬಿಟ್ಟೆ," ಎಂದ. ಮರಿಗಳತ್ತ ನೋಡಿ ಕೇಳಿದ, "ನಾವು ಎಸೆಯೋದು ನಿಲ್ಲಿಸಿದರೆ ನಿನ್ನ ಮಕ್ಕಳ ಗತಿ?"

"ನಮಗೆ ಹುಳುಹುಪ್ಪಟೆ ಇದ್ದರೆ ಸಾಕಣ್ಣ. ಸಿಪ್ಪೆ ತೆಳ್ಳಗಿದ್ದರೂ ಹುಳು ಬಂದೇ ಬರುತ್ತೆ," ಎಂದು ಗೌಜಕ್ಕ ನಕ್ಕಳು.

ದಬ್ಬಳಯ್ಯ ನೇರವಾಗಿ ಮನೆಯೊಳಗೆ ಬಂದ. "ಸೂಜಿ, ನೀನು ಹೇಳಿದ್ದು ಸರಿ. ಇವತ್ತಿನಿಂದ ಬುಟ್ಟಿ ನಿನ್ನ ಕೈಗೆ. ನೀನು ಹೇಳಿದಂತೆ ನಾನು."

ಸೂಜಮ್ಮ ಅದಕ್ಕೇ ಕಾಯುತ್ತಿದ್ದವಳಂತೆ ಎದ್ದಳು. ಹಳೆ ಗೆಣಸನ್ನೆಲ್ಲ ಮೇಲಕ್ಕೆ ತೆಗೆದು, ಹೊಸದನ್ನು ಅಡಿಗೆ ಹಾಕಿದಳು. ಬಿರಿದ ಹಣ್ಣನ್ನು ಅಂದೇ ತಿನ್ನಿಸಿದಳು. ಸಿಪ್ಪೆಯನ್ನು ಹಲ್ಲಿನ ತುದಿಯಿಂದ ಕಾಗದದಷ್ಟು ತೆಳ್ಳಗೆ ಹೆರೆಯುವುದನ್ನು ಗಂಡನಿಗೆ ಕಲಿಸಿದಳು. ಜೇನಿನ ಎಲೆಯನ್ನು ನೀರಿನಲ್ಲಿ ಅದ್ದಿಟ್ಟಳು. ಆ ನೀರು ಕುಡಿದು ಚುಚ್ಚಿ, "ಅಮ್ಮಾ, ಇದೇ ಚೆನ್ನಾಗಿದೆ!" ಎಂದು ಬಾಯಿ ಚಪ್ಪರಿಸಿದಳು.

ಮೊದಮೊದಲು ದಬ್ಬಳಯ್ಯನಿಗೆ ಕಷ್ಟವೇ ಆಯಿತು. ಉಂಡೆದ್ದ ಮೇಲೂ ಕೈ ಬುಟ್ಟಿಯ ಕಡೆ ಹೋಗುತ್ತಿತ್ತು. ಒಂದು ದಿನ ಉದ್ದಕಿವಿ ಮೊಲ ಹರಟೆಗೆಂದು ಬಂತು. ತಟ್ಟೆಯಲ್ಲಿ ಬರೀ ನೆಲ್ಲಿಕಾಯಿ ಕಂಡು ಕಣ್ಣರಳಿಸಿತು.

"ಏನಯ್ಯಾ, ಈ ಮನೆಯಲ್ಲಿ ಅತಿಥಿಗೆ ಜೇನೂ ಇಲ್ಲವೇ? ಬಡತನ ಬಂತೇ?"

ದಬ್ಬಳಯ್ಯನ ಮುಳ್ಳುಗಳು ಸರ್ರನೆ ನಿಂತವು. ಮೆಲ್ಲನೆ ಅವು ಮಲಗಿದವು. "ಬರಬಾರದು ಅಂತಲೇ ಹೀಗೆ ಮಾರಾಯ. ಜೇನು ಮಕ್ಕಳ ಕೆಮ್ಮಿಗೆ ಇಟ್ಟಿದ್ದೇವೆ. ನೀನು ಕೂತ್ಕೋ, ನೆಲ್ಲಿಕಾಯಿ ತಿನ್ನು. ಮಾತಿಗೇನೂ ಕೊರತೆ ಇಲ್ಲ."

ಮೊಲ ಕೂತಿತು. ನೆಲ್ಲಿಕಾಯಿಯನ್ನು ಒಂದೂ ಬಿಡದೆ ತಿಂದಿತು.

ಏಳು ದಿನಕ್ಕೆ ಮುಗಿಯುತ್ತಿದ್ದ ಬುಟ್ಟಿ ಹದಿನೈದು ದಿನ ಬಂತು. ಯಾರೂ ಹಸಿದು ಮಲಗಲಿಲ್ಲ.

ಉಗುರು ಕೂಡಿದ ಮೇಲೆ ದಬ್ಬಳಯ್ಯ ಗವಿಗೆ ಹೋದ. ಅಂಗಡಿಯ ಮುಂದೆ ಗದ್ದಲವೋ ಗದ್ದಲ. ಬುಟ್ಟಿಯ ಬೆಲೆ ಐದು ದಿನಕ್ಕೆ ಏರಿತ್ತು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ದಬ್ಬಳಯ್ಯ ಮಾತ್ರ ಸಲೀಸಾಗಿ ಮುಂದೆ ಹೋದ.

"ಅರ್ಧ ಬುಟ್ಟಿ ಕೊಡು ಮಾವ, ಸಾಕು."

"ಅರ್ಧವೇ?" ಕರಡಿಗೆ ಗಾಬರಿಯಾಯಿತು. "ಮನೆಯವರು ಉಪವಾಸ ಇದ್ದಾರೇನಯ್ಯ?"

"ಮನೆಯವರು ಹೊಟ್ಟೆ ತುಂಬ ತಿಂತಾರೆ ಮಾವ. ಉಪವಾಸ ಇರೋದು ಹಿತ್ತಿಲ ತಿಪ್ಪೆ!"

ಕಂಬಳಿ ಮಾವ ಗವಿ ನಡುಗುವಂತೆ ನಕ್ಕ. ಇಳಿಯುವ ದಾರಿಯಲ್ಲಿ ಮೊಲ ಓಡಿ ಬಂದು, "ಅದು ಹೇಗಯ್ಯ? ನಮಗೂ ಹೇಳಿಕೊಡು" ಎಂದು ಗಂಟುಬಿತ್ತು.

"ಸೂಜಿಯನ್ನ ಕೇಳು. ಅವಳು ಹೇಳ್ತಾಳೆ," ಎಂದ ದಬ್ಬಳಯ್ಯ.

ಈಗ ಅವನು ವಾರವೆಲ್ಲ ಗವಿಯಲ್ಲಿ ಇರಬೇಕಾಗಿರಲಿಲ್ಲ. ಬಿಡುವಾದ ದಿನ ಎಳೆಬಿಸಿಲಿನಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ನೆಲ ತೋಡುವುದನ್ನು ಕಲಿಸಿದ. ಮೊನ್ನಿ ತೋಡಿದ ಮೊದಲ ಗುಂಡಿ ಸೊಟ್ಟಗಾಯಿತು. ಅವಳು ಮುಖ ಸಪ್ಪೆ ಮಾಡಿಕೊಂಡಳು.

"ಪರವಾಗಿಲ್ಲ ಪುಟ್ಟಿ, ಇನ್ನೊಂದು ತೋಡು," ಎಂದು ದಬ್ಬಳಯ್ಯ ಅವಳ ಪಕ್ಕದಲ್ಲೇ ಕೂತ. "ಇವತ್ತು ನನಗೆ ಬೇಕಾದಷ್ಟು ಪುರುಸೊತ್ತಿದೆ."

ನೀತಿ: ಬೆಲೆ ಏರುವುದನ್ನು ತಡೆಯಲು ನಮ್ಮಿಂದ ಆಗದಿರಬಹುದು, ಆದರೆ ಮನೆಯಲ್ಲಿ ದಿನವೂ ವ್ಯರ್ಥವಾಗುವುದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.