ತೂಕ ಏರಿದ ಬಟ್ಟಲು

ಹೊಳೆದಂಡೆಯ ಮಠದಲ್ಲಿ ಶರಭ ಅಂತ ಒಬ್ಬ ಶಿಷ್ಯ. ಅನ್ನದಲ್ಲಿ ಕಲ್ಲು ಸಿಕ್ಕರೆ ಎಲ್ಲರೂ ಉಗುಳುತ್ತಾರೆ; ಇವನು ಮಾತ್ರ ಯಾರು ಹಾಕಿದರು ಅಂತ ಸುತ್ತ ನೋಡುತ್ತಾನೆ.

ಒಂದು ದಿನ ಗುರು ಮೃಡಯ್ಯನವರು ಅವನ ಮುಂದೆ ಒಂದು ಬಟ್ಟಲು ಬಿಳಿ ಪುಡಿ ಇಟ್ಟರು.

"ಇದರ ಒಂದೊಂದು ಹರಳಿನೊಳಗೂ ಲೆಕ್ಕವಿಲ್ಲದಷ್ಟು ಖೋಲಿ ಅದಾವು. ಲೋಹದ ಕಂಬ, ಇಂಗಾಲದ ತೊಲೆ. ಗಾಳ್ಯಾಗಿನ ಇಂಗಾಲದ ಡೈಆಕ್ಸೈಡು ಬಂದು ಗೋಡೆಗೆ ಅಂಟಿ ಕೂಡತೈತಿ. ಆಮೇಲೆ ಮೆಲ್ಲಕ ಖೋಲಿಯಿಂದ ಖೋಲಿಗೆ ಸರೀತೈತಿ. ಬೆಂಕಿಗೆ ಹಿಡಿದು ಎಲ್ಲಾ ಖಾಲಿ ಮಾಡೀನಿ. ನೋಡಿಕೋತ ಇರು."

ಶರಭ ಪುಡಿ ನೋಡಿದ. ಗುರುವಿನ ಮುಖ ನೋಡಿದ.

ಖೋಲಿ ಅಂತೆ! ಅಜ್ಜಾರು ನನ್ನ ಮಂಗ್ಯಾ ಮಾಡಾಕ ಹತ್ತ್ಯಾರ, ಅಂದುಕೊಂಡ.

ಆದರೂ ಬಟ್ಟಲನ್ನು ತಕ್ಕಡಿಗಿಟ್ಟು, ಗುಲಗಂಜಿ ಹಾಕಿ ಸರಿತೂಗಿಸಿ ಕಾವಲು ಕೂತ.

ಮಧ್ಯಾಹ್ನಕ್ಕೆ ತಕ್ಕಡಿ ವಾಲಿತು. ಪುಡಿಯ ತೂಕ ಏರಿತ್ತು!

ಶರಭ ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ ನೋಡತೊಡಗಿದ. ಉಸಿರು ಬಿಗಿಹಿಡಿದು ಅಲ್ಲ, ಬುಸುಬುಸು ಅಂತ. ತೂಕ ಇನ್ನೂ ಏರಿತು.

ಅಷ್ಟರಲ್ಲಿ ನಿಂಬೆವ್ವ ಬೂದಿ ಬುಟ್ಟಿ ಹೊತ್ತು ಹಾದುಹೋದಳು. ಅವಳೂ ಶಿಷ್ಯೆ; ಆ ವಾರ ಒಲೆಯ ಪಾಳಿ ಅವಳದು.

ಬೂದಿ! ನನ್ನ ಕಣ್ಣು ತಪ್ಪಿಸಿ ಹಾಕ್ಯಾಳ!

ಬಟ್ಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿದ. ಮುಚ್ಚಳದ ತೂಕಕ್ಕೆ ಆಚೆ ತಟ್ಟೆಗೆ ಕಲ್ಲಿಟ್ಟ. ಅಲ್ಲಿಂದಾಚೆ ತಕ್ಕಡಿ ಕದಲಲಿಲ್ಲ.

ಇನ್ನೇನು ಸಾಕ್ಷಿ ಬೇಕು?

ಉಣ್ಣುವ ಪಂಕ್ತಿಯಲ್ಲೇ ಎದ್ದು ನಿಂತ. "ನಿಂಬೆವ್ವ ಮೋಸಗಾರ್ತಿ! ಪುಡಿಗೆ ಬೂದಿ ಹಾಕ್ಯಾಳ! ಮುಚ್ಚಳ ಹಾಕಿದ ಮ್ಯಾಲೆ ಆಟ ನಿಂತೈತಿ!"

ನಿಂಬೆವ್ವ ಕೈಯಲ್ಲಿದ್ದ ತುತ್ತು ಬಾಯಿಗಿಡಲಿಲ್ಲ. "ಮೋಸಗಾರ್ತಿ ಅನ್ನಿಸಿಕೊಂಡು ಇಲ್ಲಿ ಉಣ್ಣಾಕಿ ಅಲ್ಲ ನಾನು," ಅಂದಳು. ತಾಟು ತೊಳೆದು ಬೋರಲು ಹಾಕಿ, ಗಂಟು ಎತ್ತಿಕೊಂಡು ಹರಿಗೋಲಿನ ಕಡೆ ನಡೆದಳು.

"ನೋಡ್ರಿ ಅಜ್ಜಾರ, ತಪ್ಪು ಮಾಡಿದಾಕಿನೇ ಓಡಿದ್ಲು!"

ಮೃಡಯ್ಯ ಪುಡಿಯನ್ನು ಗಾಜಿನ ಕುಡಿಕೆಗೆ ಸುರಿದು, ಬಾಯಿಗೆ ಬಿರಡೆ ಜಡಿದು, ಬಿರಡೆಯ ಕೊಳವೆಯನ್ನು ಸುಣ್ಣದ ತಿಳಿನೀರಿಗೆ ಇಳಿಬಿಟ್ಟು, ಕುಡಿಕೆಯನ್ನು ಕೆಂಡದ ಮೇಲಿಟ್ಟರು.

ನೀರಿನಲ್ಲಿ ಗುಳ್ಳೆ ಎದ್ದವು. ಇಂಗಾಲದ ಡೈಆಕ್ಸೈಡು ತಾಗಿ ತಿಳಿನೀರು ಮಜ್ಜಿಗೆಯಂತೆ ಬೆಳ್ಳಗಾಯಿತು.

ಪುಡಿ ಆರಿದ ಮೇಲೆ ಮತ್ತೆ ಬಟ್ಟಲಿಗೆ ಹಾಕಿ ತೂಗಿದರು. ಬೆಳಗ್ಗೆ ಎಷ್ಟಿತ್ತೋ ಅಷ್ಟೇ.

"ಬೂದಿ ಬಿದ್ದಿದ್ರ?"

"ತೂಕ ಇಳೀತಿರಲಿಲ್ಲ," ಶರಭ ಗೊಣಗಿದ. "ಹಂಗಾದ್ರ ಒಳಗ ಹೊಕ್ಕಾವ ಯಾರು?"

ಗುರುಗಳು ಇನ್ನೊಂದು ಲೋಟ ಸುಣ್ಣದ ತಿಳಿ, ಒಂದು ಪಪ್ಪಾಯಿ ಎಲೆಯ ದಂಟು ಕೊಟ್ಟರು. "ಊದು."

ಇದರಲ್ಲೇನು ಕಿತಾಪತಿ ಇದೆಯೋ ಅಂತ ಶರಭ ದಂಟಿನ ಎರಡೂ ತುದಿ ಮೂಸಿದ. ಆಮೇಲೆ ಊದಿದ.

ಆ ನೀರೂ ಮಜ್ಜಿಗೆಯಾಯಿತು.

"ಬಟ್ಟಲಿಗೆ ಮೂಗು ಹಚ್ಚಿ ಕುಂತಾವ ಯಾರಪಾ?"

ಶರಭನ ಕಿವಿ ಕೆಂಪಾದವು. ಹೊಳೆಯ ಕಡೆಯಿಂದ ಅಂಬಿಗ ಕೂಗುತ್ತಿದ್ದ. "ಬರೋರು ಬರ್ರಿ, ಹರಿಗೋಲು ಬಿಡ್ತೀನಿ!"

ಶರಭ ಒಂದು ಹೆಜ್ಜೆ ಇಟ್ಟ. ನಿಂತ. ತಿರುಗಿದ.

"ಆದರೂ ಅಜ್ಜಾರ... ಒಂದು ಚಿಟಿಕಿನೂ ಹಾಕಿಲ್ಲ ಅಂತ ಹೆಂಗ ನಂಬೂದು? ಇನ್ನೊಂದು ಸಲ ತೂಗೂಣೇನ್ರಿ?"

ಮೃಡಯ್ಯ ತಕ್ಕಡಿಯನ್ನು ಎತ್ತಿ ಅವನ ಕೈಗೇ ಕೊಟ್ಟರು.

"ಸಂಜೀತನಕ ತೂಗು. ಇದು ಎಲ್ಲಿಗೂ ಹೋಗೂದಿಲ್ಲ. ಹರಿಗೋಲು ಹೊಂಟೈತಿ."