ಸಾಸಿವೆಗೂ ಒಂದು ಶಾಲು

"ಗುರುಗಳೇ, ನಾನು ಕಂಡದ್ದನ್ನು ನಾಳೆ ಲೋಕಕ್ಕೆ ಸಾರಬಹುದೇ?" ಎಂದು ಶಿಷ್ಯ ಕೇಳಿದ. ಜಲಜನಕ ಬೆರೆತ ಲೋಹದ ಕಣವೊಂದನ್ನು ಅವನು ಎರಡು ವಜ್ರಗಳ ನಡುವೆ ಹಿಂಡಿದ್ದ. ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯಿತು, ಅದಕ್ಕೆ ಮೈ ಕೊರೆಯುವ ಚಳಿಯೂ ಬೇಕಾಗಲಿಲ್ಲ ಎಂಬುದು ಅವನ ಮಾತು. ಗುರುಗಳ ಮುಂದೆ ಪೇಡದ ಡಬ್ಬಿಯನ್ನೂ ಇಟ್ಟಿದ್ದ.

ಗುರುಗಳು ಡಬ್ಬಿ ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ಅವನದೂ ಇದೇ ಕೆಲಸ. ಅವನು ಹಿಂಡುವ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೆ ತಾಗಿಸಿದ ತಂತಿಗಳು ಕೂದಲಿಗಿಂತ ತೆಳು. ವರ್ಷಗಟ್ಟಲೆ ಮಾಪಕ ಅವನಿಗೆ ಬೇಡದ ಅಂಕಿಗಳನ್ನೇ ತೋರಿಸಿತು. ಒಂದು ದಿನ, ಕಣವನ್ನು ಮಂಜುಗಡ್ಡೆಯಷ್ಟು ತಂಪು ಮಾಡಿದ ಕೂಡಲೇ, ಸೊನ್ನೆ ತೋರಿಸಿತು. ತಡೆಯೇ ಇಲ್ಲವಾಯಿತೆಂದು ಅವನು ಕುಣಿದ. ಊರಿನವರಿಗೆ ತಡೆಯೆಂದರೇನೆಂದು ತಿಳಿಯದಿದ್ದರೂ ಸನ್ಮಾನವೆಂದರೇನೆಂದು ಚೆನ್ನಾಗಿ ಗೊತ್ತಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಬಂದವು. ಭಾಷಣ ಮಾಡುವವರು ಕೇಳುವವರಿಗಿಂತ ಹೆಚ್ಚಾದರು.

ಸನ್ಮಾನದ ದಿನ ಬೆಳಿಗ್ಗೆ ಬೇರೆ ಊರಿನಿಂದ ಒಬ್ಬ ಪರೀಕ್ಷಕಿ ಬಂದಳು. ಅವಳು ಒಪ್ಪಿದರೆ ಸಂಜೆ ಶಾಲು, ಒಪ್ಪದಿದ್ದರೆ ಹಣ್ಣು ಅಂಗಡಿಗೆ ವಾಪಸು. ಸಂಶೋಧಕ ಅವಳೆದುರು ಕಣವನ್ನು ತಂಪು ಮಾಡಿದ. ಸೊನ್ನೆ ಬಂತು. ಪರೀಕ್ಷಕಿ ಆ ಕಣವನ್ನು ತೆಗೆಸಿದಳು. ಅವನ ಬುತ್ತಿಯ ಚಿತ್ರಾನ್ನದಿಂದ ಒಂದು ಸಾಸಿವೆ ಕಾಳು ಆರಿಸಿ, ಅದೇ ಜಾಗದಲ್ಲಿಟ್ಟು ಹಿಂಡಿದಳು. ಮೊದಲು ಎಣ್ಣೆ ಬಂತು. ಹಿಂದೆಯೇ ಸೊನ್ನೆಯೂ ಬಂತು.

"ರಾಯರೇ, ಹಾಗಾದರೆ ಈ ಸಾಸಿವೆಗೂ ಒಂದು ಶಾಲು ತರಿಸಿ" ಎಂದಳು.

ಕಣದ ಎರಡು ತುದಿಗಳ ನಡುವಿನ ವೋಲ್ಟೇಜನ್ನಷ್ಟೇ ಅಳೆಯುತ್ತಿದ್ದ ಆ ಮಾಪಕ, ತಡೆಯಿಲ್ಲದೆ ವಿದ್ಯುತ್ತು ಹರಿದರೂ ಸೊನ್ನೆ ತೋರಿಸುತ್ತಿತ್ತು. ವಿದ್ಯುತ್ತೇ ಹರಿಯದಿದ್ದರೂ ಸೊನ್ನೆಯನ್ನೇ ತೋರಿಸುತ್ತಿತ್ತು. ಇಬ್ಬರೂ ಕಣವನ್ನು ಮತ್ತೆ ಇಟ್ಟು, ತಂಪು ಮಾಡುತ್ತಾ ಭೂತಗನ್ನಡಿಯಲ್ಲಿ ನೋಡಿದರು. ವಿದ್ಯುತ್ತು ತರುವ ತಂತಿ ತಂಪಿಗೆ ಮುದುಡಿ, ಕಣವನ್ನು ಬಿಟ್ಟು ಮೇಲೇಳುತ್ತಿತ್ತು. ತಾನು ತಂತಿ ನೋಡದೆ ಇರುವವನೇ ಅಲ್ಲವೆಂದು ಸಂಶೋಧಕ ಗೋಳಾಡಿದ.

"ಬೇಡದ ಅಂಕಿ ಬಂದಾಗ ಏನು ಮಾಡುತ್ತಿದ್ದಿರಿ?"

"ಪ್ರತಿ ಸಲ ತಂತಿ ಬಿಚ್ಚಿ ನೋಡುತ್ತಿದ್ದೆನಮ್ಮಾ."

"ಸೊನ್ನೆ ಬಂದ ದಿನ?"

"ಅವತ್ತು ಮನೆಯಲ್ಲಿ ಪಾಯಸ ಮಾಡಿಸಿದೆ."

ಪೇಟ ಪೆಟ್ಟಿಗೆಗೆ ಮರಳಿತು. ಭಾಷಣ ಮಾಡುವವರು ಮಾತ್ರ, ಬಂದದ್ದಾಗಿದೆ ಎಂದು, ಮಾತನಾಡಿಯೇ ಹೋದರು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಓದಿದವನೂ ಇಷ್ಟು ಪೆದ್ದನಾಗಬಹುದೇ ಎಂದ. ಗುರುಗಳು ಪೇಡದ ಡಬ್ಬಿಯನ್ನು ಅವನ ಕಡೆಗೆ ಸರಿಸಿದರು.

"ಇದನ್ನು ತರಲು ಅಂಗಡಿಗೆ ಹೋಗುವ ಮೊದಲು, ನಿನ್ನ ತಂತಿ ನೋಡಿದೆಯಾ?"

ಶಿಷ್ಯ ಡಬ್ಬಿಯನ್ನು ಅಲ್ಲೇ ಬಿಟ್ಟು, ಭೂತಗನ್ನಡಿ ಹುಡುಕಲು ಎದ್ದ.