ತೇಲುಗಿಡಗಳು ಎಲೆ ಮಡಚುವುದನ್ನು ಬಿಟ್ಟದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆಗಿನ ಮಾತು. ಕಡಲಿಗೆ ಎಲ್ಲೆಡೆ ಒಂದೇ ಮಂಕು ಬಣ್ಣ.

ಆ ಕಡಲಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕ ತೇಲುಗಿಡಗಳಿದ್ದವು. ದಿನಾ ಬೆಳಿಗ್ಗೆ ಸೂರ್ಯಪ್ಪ ಅವಕ್ಕೆಲ್ಲ ಬಾಳೆಲೆ ಹಾಸಿ, ಏಳು ಬಣ್ಣದ ಬೆಳಕು ಬಡಿಸುತ್ತಿದ್ದ. ಒಂದೊಂದು ಜಾತಿಗೆ ಒಂದೊಂದು ರುಚಿ. ಬೇಕಾದ್ದನ್ನು ಉಂಡು, ಬೇಡದ್ದನ್ನು ಬಿಟ್ಟು, ಬಿಟ್ಟದ್ದು ಯಾರಿಗೂ ಕಾಣಬಾರದೆಂದು ಎಲೆ ಮಡಚಿಬಿಡುತ್ತಿದ್ದವು. ಉಂಡವರು ಎಲೆ ಮಡಚುವುದು ಮರ್ಯಾದೆಯಲ್ಲವೇ, ಹಾಗೆ.

ಈ ತೇಲುಗಿಡಗಳನ್ನೇ ತಿಂದು ಬದುಕುವವಳು ಬೂತಾಯಿ ಮೀನು. ಗಿಡಗಳಲ್ಲಿ ಒಂದು ಜಾತಿ ವಿಷದ್ದು. ಅದನ್ನು ತಿಂದ ಅವಳ ಮರಿಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ಉಳಿದವು ಹೆದರಿ, ಬಾಯಿ ಬಿಗಿಹಿಡಿದು, ಹಸಿವಿನಿಂದ ಸೊರಗಿದವು.

ಬೂತಾಯಿ ಧೈರ್ಯ ಮಾಡಿ ನೀರಿನಿಂದ ತಲೆಯೆತ್ತಿ ಕಡಲ ಹದ್ದನ್ನು ಕರೆದಳು. ಎತ್ತರದಿಂದ ನೋಡಿ, ಒಳ್ಳೆಯ ಗಿಡ ಎಲ್ಲಿದೆ, ವಿಷದ್ದು ಎಲ್ಲಿದೆ ಹೇಳು ಎಂದಳು.

ಹದ್ದು ನಕ್ಕಿತು. "ನಿನ್ನನ್ನ ತಿನ್ನೋನ ಹತ್ರಾನೇ ದಾರಿ ಕೇಳ್ತೀಯಲ್ಲೇ?"

"ನನ್ನ ಮಕ್ಕಳೆಲ್ಲ ಸತ್ತರೆ ನಾಳೆ ಯಾರನ್ನ ತಿಂತೀಯಣ್ಣ?" ಎಂದಳು ಬೂತಾಯಿ.

ಮಾತು ನಾಟಿತು. ಹದ್ದು ಮೇಲೇರಿತು, ಸುತ್ತಿತು. ಮತ್ತೂ ಮೇಲೇರಿತು, ಮತ್ತೂ ಸುತ್ತಿತು. ಕಂಡದ್ದೆಲ್ಲ ಮಡಚಿದ ಎಲೆ. ಯಾರು ಎಲ್ಲಿ ಕೂತಿದ್ದಾರೆಂದು ತಿಳಿಯದೆ ಸೂರ್ಯಪ್ಪನನ್ನೇ ಕೇಳಿತು.

"ಎಲೆಯಲ್ಲಿ ಬಿಟ್ಟದ್ದು ನೋಡಿದರೆ ಉಂಡವರು ಯಾರೆಂದು ಗೊತ್ತಾಗುತ್ತಪ್ಪ" ಎಂದ ಸೂರ್ಯಪ್ಪ. ಇನ್ನು ಮೇಲೆ ಎಲೆ ಮಡಚಬೇಡಿ ಎಂದು ಗಿಡಗಳಿಗೆ ಹೇಳಿದ.

ಗಿಡಗಳು ನಾಚಿ ಗೊಣಗಿದವು. ಎಂಜಲೆಲೆ ತೆರೆದಿಟ್ಟರೆ ನೋಡಿದವರು ಏನೆಂದಾರು ಎಂದವು. ವಿಷದ ಗಿಡವಂತೂ ತನ್ನ ಎಲೆಯನ್ನು ಇನ್ನೊಂದು ಮಡಿಕೆ ಮಾಡಿ ಅದರ ಮೇಲೇ ಕೂತಿತು.

ಸೂರ್ಯಪ್ಪ ದನಿ ಏರಿಸಲಿಲ್ಲ. "ಮಡಚಿದ ಎಲೆಯವರಿಗೆ ನಾಳೆ ನಾನು ಬಡಿಸೋದಿಲ್ಲ."

ಅಷ್ಟೇ ಸಾಕಾಯಿತು. ಎಲೆಗಳು ತೆರೆದುಕೊಂಡವು. ಒಂದು ಕಡೆ ಬಿಟ್ಟದ್ದು ಹಸಿರು, ಒಂದು ಕಡೆ ಕಂದು, ಇನ್ನೊಂದು ಕಡೆ ಹಾಲು ಬೆರೆಸಿದಂಥ ನೀಲಿ. ಎಲ್ಲರಿಗಿಂತ ಕೊನೆಗೆ ವಿಷದ ಗಿಡ ಮುಖ ತಿರುಗಿಸಿಕೊಂಡು ಎಲೆ ಬಿಚ್ಚಿತು. ಕೆಂಪು.

ಸತ್ತ ಮರಿಗಳೆಲ್ಲ ಆ ಕೆಂಪಿನ ನಡುವೆಯೇ ತೇಲುತ್ತಿದ್ದುದನ್ನು ಹದ್ದು ಕಂಡಿತು. ಅತ್ತ ಹೋಗಬೇಡ, ಕಂದು ಇರುವ ಕಡೆ ಒಂದೂ ಸತ್ತಿಲ್ಲ, ಅಲ್ಲಿಗೆ ನಡೆ ಎಂದು ಕೂಗಿ ಹೇಳಿತು. ಬೂತಾಯಿ ಉಳಿದ ಮರಿಗಳನ್ನು ಸರ್ರನೆ ಆ ಕಡೆ ತಿರುಗಿಸಿಕೊಂಡು ಹೋದಳು. ಅವತ್ತು ಅವು ಹೊಟ್ಟೆ ತುಂಬ ಉಂಡವು.

ನೀನು ದಂಡೆಯಲ್ಲಿ ನಿಂತಾಗ ಕಡಲು ಒಂದು ದಿನ ಹಸಿರು, ಒಂದು ದಿನ ಕಂದು, ಒಮ್ಮೊಮ್ಮೆ ಕೆಂಪಾಗಿಯೂ ಕಾಣುವುದು ಅದಕ್ಕೇ ಮಗು. ಹದ್ದಿಗಿಂತ ಎಷ್ಟೋ ಎತ್ತರದಲ್ಲಿ ಸುತ್ತುವ ಉಪಗ್ರಹವೂ ಇವತ್ತು ಆ ತೆರೆದ ಎಲೆಗಳನ್ನು ನೋಡಿಯೇ, ಎಲ್ಲಿ ಯಾವ ಗಿಡ ಊಟಕ್ಕೆ ಕೂತಿದೆಯೆಂದು ಹೇಳುತ್ತದೆ.